ಅರ್ಧ ಅಂಗಳದ ಹುಡುಗರ ಜೊತೆ ಜಗಳೂರಿನವರೆಗೆ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಕಾರ್ತಿಕ ಮಾಸದಲ್ಲಿ ಚನ್ನಗಿರಿಯ ಬಸ್ ನಿಲ್ದಾಣದಿಂದ ಏಳು ಜನ ಹುಡುಗರು, ಒಬ್ಬ ಮೇಷ್ಟ್ರು, ಒಂದು ಚೆಂಡು ಮತ್ತು ನಾನು ಹೊರಟೆವು. ಬೆಳಗಿನ ಮೊದಲ ಬಸ್ಸು. ಚೆಂಡಿಗೂ ಲಗೇಜು ಟಿಕೆಟ್ ತಗೊಳ್ಳಿ ಎಂದು ಕಂಡಕ್ಟರ್ ಹಟ ಹಿಡಿದ. ನಾನು ಚೆಂಡಿನ ಗಾಳಿ ಬಿಟ್ಟು, ಚಪ್ಪಟೆ ಮಾಡಿ, ಕಂಕುಳಲ್ಲಿಟ್ಟುಕೊಂಡೆ. ಓದುಗರಿಗೆ ನನ್ನ ಮೊದಲನೇ ಸಲಹೆ ಇದೇ: ಕಂಡಕ್ಟರನ ಜೊತೆ ವಾದ ಮಾಡಬೇಡಿ, ವಸ್ತುವನ್ನು ಚಿಕ್ಕದು ಮಾಡಿ.

ನನಗೂ ಬ್ಯಾಸ್ಕೆಟ್‌ಬಾಲಿಗೂ ಇದ್ದ ಸಂಬಂಧ ಗಾಳಿಯದು ಮಾತ್ರ. ನಿಲ್ದಾಣದ ಎದುರು ನನ್ನ ಬಾಡಿಗೆ ಸೈಕಲ್ ಅಂಗಡಿ. ಒಂದೇ ಒಂದು ಹಳೇ ಸೈಕಲ್ಲಿನಿಂದ ಶುರು ಮಾಡಿ ಸಾಲಾಗಿ ನಿಲ್ಲಿಸುವಷ್ಟು ಮಾಡಿದವನು. ಕಾಲೇಜಿನ ಹುಡುಗರು ದಿನಾ ಸಂಜೆ ನನ್ನ ಪಂಪಿನಲ್ಲಿ ಚೆಂಡಿಗೆ ಗಾಳಿ ತುಂಬಿಸಿಕೊಂಡು ಹೋಗುತ್ತಿದ್ದರು. ಆ ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬ ಸದಸ್ಯನಾದ್ದರಿಂದ, ಖರ್ಚು ಹಿಡಿತದಲ್ಲಿಡುವ ಮನುಷ್ಯ ಎಂದು ಅಧ್ಯಕ್ಷರು ನನ್ನನ್ನೇ ಮ್ಯಾನೇಜರ್ ಮಾಡಿ ಕಳಿಸಿದರು.

ಅಧ್ಯಕ್ಷರದು ದೊಡ್ಡ ಅಡಿಕೆ ಮಂಡಿ. ಊರಿನಲ್ಲಿ ಸಿಮೆಂಟು ಹಾಕಿದ ವಿಶಾಲವಾದ ನೆಲ ಎಂದರೆ ಆಗ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳವೊಂದೇ. ಅಡಿಕೆ ಕೊಯ್ಲು ಶುರುವಾದ ದಿನದಿಂದ ಅದರ ಅರ್ಧ ಭಾಗದ ಮೇಲೆ ಅಧ್ಯಕ್ಷರ ಬೇಯಿಸಿದ ಅಡಿಕೆ ಒಣಗುತ್ತಿತ್ತು. ಉಳಿದರ್ಧದಲ್ಲಿ, ಒಂದೇ ಬುಟ್ಟಿಗೆ, ಹುಡುಗರು ಅಭ್ಯಾಸ ಮಾಡುತ್ತಿದ್ದರು. ಹೊರಗಿನ ತಂಡಗಳು ಈ ಅಂಗಳದಲ್ಲಿ ಆಡಲು ಒಪ್ಪದೆ ಪಂದ್ಯಗಳೆಲ್ಲ ಪರವೂರಿನಲ್ಲೇ ನಡೆಯುತ್ತಿದ್ದವು. ಆ ಸಲದ ಪಂದ್ಯಗಳಲ್ಲಿ ಅಲ್ಲಿಯವರೆಗೆ ಒಂದನ್ನೂ ಗೆದ್ದಿರಲಿಲ್ಲ. ಉಳಿದದ್ದು ಮೂರು: ಹೊನ್ನಾಳಿ, ನ್ಯಾಮತಿ, ಜಗಳೂರು.

ಹೊರಡುವ ಹಿಂದಿನ ದಿನ ಅಧ್ಯಕ್ಷರು ಹುಡುಗರಿಗೆ ಆಟ ಕಲಿಸುವ ಚಂದ್ರಪ್ಪ ಮೇಷ್ಟ್ರನ್ನು ಕರೆಸಿ ಹೇಳಿದ್ದರು. "ಮೂರರಾಗೆ ಒಂದು ಗೆದ್ದು ಬರ್ರಿ, ನಿಮ್ಮನ್ನ ಕಾಯಂ ಮಾಡ್ತೀನಿ. ಇಲ್ಲಾಂದ್ರೆ ಬುಟ್ಟಿ ಕಂಬ ಕೀಳಿಸಿ, ನಿಮ್ಮ ಹುದ್ದೇನೂ ತೆಗೆದುಬಿಡ್ತೀನಿ." ಮೇಷ್ಟ್ರು ಮೂರು ವರ್ಷದಿಂದ ಹಂಗಾಮಿ. ಜಗಳೂರಿನಲ್ಲಿ ಒಂದು ಹೆಣ್ಣು ನೋಡಿ ಒಪ್ಪಿಗೆಯಾಗಿತ್ತು. ಹುಡುಗಿಯ ಅಪ್ಪ ಮಾತ್ರ ಕಾಯಂ ಆದೇಶ ಕಣ್ಣಾರೆ ಕಾಣದೆ ಮುಹೂರ್ತ ಇಡುವುದಿಲ್ಲ ಎಂದು ಕೂತಿದ್ದ. ಸೋತರೆ ಅಧ್ಯಕ್ಷರಿಗೆ ಇಡೀ ಅಂಗಳ ಸಿಗುತ್ತದೆಂಬುದು ನನ್ನ ವ್ಯಾಪಾರಿ ತಲೆಗೆ ಆಗಲೇ ಹೊಳೆದಿತ್ತು. ಬಾಯಿ ಬಿಡಲಿಲ್ಲ.

ಹೊನ್ನಾಳಿ ತಲುಪಿದಾಗ ಬಿಸಿಲು ಏರಿತ್ತು. ತುಂಗಭದ್ರೆಯಲ್ಲಿ ಮುಳುಗೆದ್ದು ಮಂಡಕ್ಕಿ, ಮಿರ್ಚಿ ತಿಂದೆವು. ಮಿರ್ಚಿಯವನು ಹೇಳಿದ ದರಕ್ಕೆ ನಾನು ಎದ್ದು ನಡೆಯುವಂತೆ ಮಾಡಿದೆ, ಅವನು ಕರೆದ, ತಿರುಗಿ ಬಂದೆ. ಆದರೆ ಎರಡನೇ ಸಲಹೆ: ಎದ್ದು ಹೋಗುವ ಆಟವನ್ನು ಹಸಿದ ಹುಡುಗರಿದ್ದಾಗ ಆಡಬಾರದು. ನಾನು ತಿರುಗುವಷ್ಟರಲ್ಲಿ ಅವರು ಅರ್ಧ ಬುಟ್ಟಿ ತಿಂದಿದ್ದರು. ದರ ಅವನು ಹೇಳಿದ್ದೇ ಆಯಿತು.

ಸಂಜೆ ಪಂದ್ಯ. ನನಗೆ ಆಟದ ಕಾನೂನು ಗೊತ್ತಿಲ್ಲ, ಆದರೆ ಕಣ್ಣಿದೆ. ನಮ್ಮ ಹುಡುಗರು ಅಂಗಳದ ಒಂದರ್ಧದಲ್ಲಿ ಹುಲಿಗಳು. ನಡುಗೆರೆ ಬಂತೆಂದರೆ ಗಕ್ಕನೆ ನಿಂತುಬಿಡುತ್ತಿದ್ದರು. ಹೊನ್ನಾಳಿಯವರು ಗೆರೆಯಾಚೆ ಆರಾಮಾಗಿ ಚೆಂಡು ಪುಟಿಸುತ್ತ ಬೀಡಿ ಸೇದುವ ತಲಬು ಬಂದವರಂತೆ ನಿಂತಿದ್ದರು.

ಬೇಲಿಯ ಮೇಲೆ ಕೂತಿದ್ದ ಒಬ್ಬ ಮುದುಕ ಕೂಗಿದ. "ಏನ್ರಪ್ಪಾ, ಆ ಕಡೆ ಏನು ಹಾವು ಐತಾ?"

ನಮ್ಮ ಉದ್ದನೆಯ ರೆಹಮಾನ್, ತಂಡದಲ್ಲಿ ಗುರಿ ತಪ್ಪದ ಏಕೈಕ ಹುಡುಗ, ಉಸಿರು ಬಿಡುತ್ತ ಹೇಳಿದ. "ಇಲ್ಲಜ್ಜಾ, ಅಡಿಕೆ ಐತೆ."

"ಎಲ್ಲೈತಲೇ ಅಡಿಕೆ?"

ರೆಹಮಾನ್ ನೆಲ ನೋಡಿದ. ಬರೀ ಮಣ್ಣು. ಅವನಿಗೇ ಆಶ್ಚರ್ಯವಾಯಿತು. ವಿಷಯ ಇಷ್ಟೆ: ಊರಿನಲ್ಲಿ ಗೆರೆ ದಾಟಿ ಒಂದು ಅಡಿಕೆ ತುಳಿದರೂ ಅಧ್ಯಕ್ಷರ ಕಾವಲಿನವ ಕೋಲು ಹಿಡಿದು ಬರುತ್ತಿದ್ದ. ಕಾಲಿಗೆ ಅದು ಪಾಠವಾಗಿ ಹೋಗಿತ್ತು. ತಲೆಗೆ ಅಡಿಕೆ ಇಲ್ಲವೆಂದು ಗೊತ್ತು, ಕಾಲಿಗೆ ಗೊತ್ತಿಲ್ಲ.

ಇನ್ನೂ ದೊಡ್ಡ ಅನಾಹುತ ಅರ್ಧ ಆಟವಾದ ಮೇಲೆ ಆಯಿತು. ಈ ಆಟದಲ್ಲಿ ನಡುವೆ ಎರಡೂ ತಂಡಗಳು ಬುಟ್ಟಿ ಬದಲಾಯಿಸಿಕೊಳ್ಳಬೇಕಂತೆ. ಒಂದೇ ಬುಟ್ಟಿಯಲ್ಲಿ ಬೆಳೆದ ನಮ್ಮ ಹುಡುಗರಲ್ಲಿ ಇಬ್ಬರು ತಾವು ಕಾಯಬೇಕಿದ್ದ ತಮ್ಮ ಬುಟ್ಟಿಗೇ ಚೆಂಡು ಹಾಕಿ, ಅಂಕ ಎದುರಿನವರಿಗೆ ಹೋದದ್ದು ತಿಳಿಯದೆ, ಕೈ ಎತ್ತಿ ಕುಣಿದರು. ಹೊನ್ನಾಳಿಯವರೂ ಕುಣಿದರು. ಆಟ ಮುಗಿದ ಮೇಲೆ ನಾನು ತೀರ್ಪುಗಾರರ ಬಳಿ ಹೋಗಿ, "ಸ್ವಾಮಿ, ಇಪ್ಪತ್ತು ಅಂಕದ ಅಂತರ ಜಾಸ್ತಿಯಾಯ್ತು, ಒಂದು ಹನ್ನೆರಡಕ್ಕೆ ಮುಗಿಸ್ರಿ" ಎಂದೆ. ಅವರು ಸೀಟಿಯನ್ನು ಬಾಯಿಂದ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು.

ಮರುದಿನ ನ್ಯಾಮತಿ. ದಾರಿ ಕಡಿಮೆ, ಬಸ್ಸಿನಲ್ಲಿ ಜನ ಜಾಸ್ತಿ. ಲಂಬಾಣಿಗರ ಯಾತ್ರಾಸ್ಥಳವಾದ ಸೂರಗೊಂಡನಕೊಪ್ಪಕ್ಕೆ ಹರಕೆ ತೀರಿಸಲು ಹೊರಟವರೇ ಮುಕ್ಕಾಲು ಪಾಲು. ನಮ್ಮ ತಂಡದ ತೇಜಾ ನಾಯ್ಕನ ಅತ್ತೆಯ ತಾಂಡಾ ಅಲ್ಲಿಗೆ ಹತ್ತಿರ. ಊಟಕ್ಕೆ ಅಲ್ಲಿಗೇ ಹೋದೆವು. ಆಕೆ ಜೋಳದ ರೊಟ್ಟಿ, ಹುರುಳಿ ಸಾರು ಬಡಿಸುತ್ತ ನಮ್ಮ ಸೋಲಿನ ಕಥೆ ಕೇಳಿದಳು.

"ನಮ್ಮ ಎತ್ತಿಗೂ ಹಿಂಗೇ ಆಗಿತ್ತಪ್ಪ. ಹಳೇ ದಾರಿಯಾಗೆ ಗುಂಡಿಗೆ ಬಿದ್ದಿತ್ತು. ಗುಂಡಿ ಮುಚ್ಚಿದ್ರೂ ಅಲ್ಲಿ ಸುತ್ತಿಕೊಂಡೇ ಹೋಗೋದು."

"ಆಮೇಲೆ ಏನು ಮಾಡಿದ್ರೀ ಅಮ್ಮ?" ಎಂದರು ಮೇಷ್ಟ್ರು.

"ಏನ್ ಮಾಡಾದು? ಮಾರಿದ್ವಿ."

ಮೇಷ್ಟ್ರು ಹುಡುಗರ ಕಡೆ ನೋಡಿದರು. ಹುಡುಗರು ರೊಟ್ಟಿ ಕಡೆ ನೋಡಿದರು.

ಮಾರುವ ಹಾಗಿರಲಿಲ್ಲವಾದ್ದರಿಂದ ನಾನು ಬೇರೆ ಮದ್ದು ಹುಡುಕಿದೆ. ಪಂದ್ಯಕ್ಕೆ ಮೊದಲೇ ಹೋಗಿ ಹುಡುಗರನ್ನು ನ್ಯಾಮತಿಯ ಅಂಗಳದ ಆಚೆ ಅರ್ಧದಲ್ಲಿ ಸಾಲಾಗಿ ನಡೆಸಿದೆ. "ತುಳೀರಿ! ಇನ್ನೂ ಜೋರಾಗಿ! ಅಧ್ಯಕ್ಷರ ಅಡಿಕೆ ಅಂತಾನೇ ತಿಳಕೊಂಡು ತುಳೀರಿ!" ಅಲ್ಲಿಯ ಜನ ಯಾವುದೋ ಶಾಸ್ತ್ರ ನಡೆಯುತ್ತಿದೆ ಎಂದುಕೊಂಡು ಚಪ್ಪಲಿ ಬಿಟ್ಟು ದೂರ ನಿಂತರು. ಮದ್ದು ಅರ್ಧ ಹತ್ತಿತು. ಪಂದ್ಯದಲ್ಲಿ ಹುಡುಗರು ಗೆರೆ ದಾಟಿದರು, ಆದರೆ ತುದಿಗಾಲಿನಲ್ಲಿ, ನೆಲ ನೋಡಿಕೊಂಡು, ಮಲಗಿದ ಮಗುವಿನ ಪಕ್ಕ ಹಾದುಹೋಗುವವರಂತೆ. ಮತ್ತೆ ಸೋತೆವು, ಅಂತರ ಕಡಿಮೆ. ವ್ಯಾಪಾರದ ಭಾಷೆಯಲ್ಲಿ ಇದನ್ನು ಲಾಭದ ಕಡೆಗೆ ತಿರುಗಿದ ನಷ್ಟ ಎನ್ನುತ್ತೇವೆ. ಮೇಷ್ಟ್ರಿಗೆ ಈ ಭಾಷೆ ತಿಳಿಯಲಿಲ್ಲ. ಅವರು ಆ ಸಂಜೆ ಚಹಾ ಕೂಡ ಕುಡಿಯಲಿಲ್ಲ.

ಜಗಳೂರಿಗೆ ದಾವಣಗೆರೆಯ ಮೇಲೆ ಹೋಗಬೇಕು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೆವು. ಅಲ್ಲಿ ಚೌಕಾಸಿ ಮಾಡಬೇಡಿ, ಮಾಡಿದರೆ ಬೆಣ್ಣೆಯಲ್ಲಿ ಕಡಿಮೆ ಮಾಡುತ್ತಾರೆ. ಅಲ್ಲಿಂದ ಮುಂದೆ ಮರ ಕಡಿಮೆಯಾಗುತ್ತ, ಆಕಾಶ ಜಾಸ್ತಿಯಾಗುತ್ತ ಹೋಯಿತು. ಎರಡು ಕಡೆ ಕಿತ್ತ ಶೇಂಗಾ ಹೊಲ. ಎರಡು ಸಲ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಕೆಂಧೂಳಿನ ಗಾಳಿಗೆ ನಮ್ಮೆಲ್ಲರ ತಲೆ ಕೆಂಪಾಗಿತ್ತು.

ಅಂಗಳದ ಹತ್ತಿರ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಗಟ್ಟಿ ಆಸಾಮಿ ನಮಗಾಗಿ ಕಾದಿದ್ದ. ಮೇಷ್ಟ್ರ ಮುಖ ಬಿಳುಪೇರಿದ್ದರಿಂದಲೇ ಇವನೇ ಸಿದ್ದಪ್ಪ, ಹೆಣ್ಣಿನ ಅಪ್ಪ ಎಂದು ತಿಳಿಯಿತು. ಕುರಿ ವ್ಯಾಪಾರಿ. ಮೇಷ್ಟ್ರು ಹುಡುಗರ ಕಡೆ ಹೋದ ಮೇಲೆ ಅವನು ನನ್ನ ಪಕ್ಕ ಕೂತ.

"ಯಜಮಾನ್ರೇ, ನಾನು ಹಲ್ಲು ನೋಡಿ ಕುರಿ ವಯಸ್ಸು ಹೇಳೋನು. ಮನುಷ್ಯನ್ನ ನೋಡಿ ಹೇಳಾಕೆ ಬರಾಕಿಲ್ಲ. ನೀವೇ ಹೇಳ್ರಿ. ಈ ಮೇಷ್ಟ್ರು ಕಾಯಂ ಆಗ್ತಾನೋ ಇಲ್ಲೋ?"

"ಆಗ್ತಾರೆ."

"ಯಾವಾಗ?"

"ನೀವು ಯಾವಾಗ ಅಂತೀರಿ?"

ಅವನು ನಕ್ಕುಬಿಟ್ಟ. "ಓಹೋ, ನೀವೂ ವ್ಯಾಪಾರದೋರು! ಕೇಳ್ರಿ, ಈ ಕಾರ್ತಿಕ ಮುಗಿಯೋದ್ರಾಗೆ ಆದೇಶ ಬರ್ಬೇಕು. ಇಲ್ಲಾಂದ್ರೆ ನಮ್ಮ ತಂಗಿ ಮಗ ಅದಾನೆ, ಕರೆಂಟ್ ಆಫೀಸಿನಾಗೆ. ಕಂಬ ಹತ್ತತಾನೆ."

"ನಮ್ಮೋರು ಕಂಬದಾಗೆ ಚೆಂಡು ಹಾಕಿಸ್ತಾರೆ."

"ಅದನ್ನ ನೋಡಾಕೇ ಬಂದೀನಿ."

ಆ ದಿನ ನಮ್ಮ ಹುಡುಗರ ಕಾಲಿನಿಂದ ಅಡಿಕೆ ಇಳಿದಿತ್ತು. ಇಡೀ ಅಂಗಳ ಓಡಿದರು. ಧೂಳೆಬ್ಬಿಸಿದರು. ಅರ್ಧ ಆಟದ ಹೊತ್ತಿಗೆ ನಾವೇ ಮುಂದಿದ್ದೆವು. ಮೇಷ್ಟ್ರು ಬುಟ್ಟಿ ಬದಲಾಗುವಾಗ ಒಬ್ಬೊಬ್ಬರ ಭುಜ ಹಿಡಿದು ತಿರುಗಿಸಿ, "ಈಗ ಆ ಕಡೆ, ಗೊತ್ತಾಯ್ತಾ? ಬೇವಿನ ಮರದ ಕಡೆ" ಎಂದು ಹೇಳಿ ಕಳಿಸಿದರು. ಹುಡುಗರು ಬೇವಿನ ಮರ, ಬೇವಿನ ಮರ ಎಂದು ಗೊಣಗುತ್ತ ಓಡಿದರು. ಕೊನೆಯ ಗಳಿಗೆಯವರೆಗೂ ಒಂದು ಅಂಕ ಮುಂದೆ ನಾವು.

ಆಗ ಚೆಂಡು ರೆಹಮಾನನ ಕೈಗೆ ಬಂತು. ಸುಮ್ಮನೆ ಹಿಡಿದು ನಿಂತಿದ್ದರೆ ಸಾಕಿತ್ತು. ಇಬ್ಬರು ಅವನ ಮೈಮೇಲೆ ಬಂದರು, ಅವನು ಗರಕ್ಕನೆ ತಿರುಗಿದ, ಎದುರಿಗೆ ಒಂದು ಬುಟ್ಟಿ ಕಂಡಿತು. ವರ್ಷವಿಡೀ ಬುಟ್ಟಿ ಕಂಡರೆ ಹಾಕು ಎಂದು ಕಲಿತವನು. ಹಾರಿ ಹಾಕಿದ. ಅಷ್ಟು ಚೆಂದದ ಎಸೆತ ನಾನು ಆಮೇಲೆ ಎಲ್ಲೂ ನೋಡಿಲ್ಲ. ಚೆಂಡು ಬುಟ್ಟಿಯ ಕಬ್ಬಿಣದ ಬಳೆಯನ್ನು ಕೂಡ ಮುಟ್ಟದೆ ಬಲೆಯೊಳಗೆ ಇಳಿಯಿತು. ಬೇವಿನ ಮರ ಮಾತ್ರ ಅವನ ಬೆನ್ನಿಗಿತ್ತು. ಸೀಟಿ ಕೇಳಿಸಿತು.

ಜಗಳೂರಿನ ಜನ ಕೇಕೆ ಹಾಕಿ ಅಂಗಳಕ್ಕೆ ನುಗ್ಗಿದರು. ಸಿದ್ದಪ್ಪನೂ ಕಂಬಳಿ ಬೀಸುತ್ತ ಓಡಿ ಮೇಷ್ಟ್ರನ್ನು ತಬ್ಬಿಕೊಂಡ. "ಭಲೇ ಅಳಿಯಂದ್ರೇ! ಏನು ಹಾಕ್ದ ನಿಮ್ಮ ಹುಡುಗ! ಗೆದ್ರಿ ಬಿಡ್ರಿ!"

ನಾನು ದೂರದಿಂದಲೇ ಮೇಷ್ಟ್ರಿಗೆ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದೆ. ಸುಳ್ಳು ಹೇಳಿ ಎಂದಲ್ಲ. ಕೊಳ್ಳುವವನು ಖುಷಿಯಲ್ಲಿದ್ದಾಗ ಬಾಯಿ ಬಿಡಬಾರದು ಎಂದಷ್ಟೆ. ಮೇಷ್ಟ್ರು ಸಿದ್ದಪ್ಪನ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡು, "ಇಲ್ರೀ, ಸೋತ್ವಿ. ಅದು ನಮ್ಮ ಬುಟ್ಟಿಗೇ ಬಿತ್ತು" ಎಂದರು.

ಸಿದ್ದಪ್ಪ ನನ್ನ ಬಳಿ ವಾಪಸ್ ಬಂದು ಕೂತ. ಕಂಬಳಿಯ ಧೂಳು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಿಮ್ಮ ಮೇಷ್ಟ್ರಿಗೆ ವ್ಯಾಪಾರ ಬರಾಕಿಲ್ಲ," ಎಂದ.

"ಅದಕ್ಕೇ ನಾನು ಜೊತೆಗೆ ಬಂದಿರೋದು."

"ಯಾಕ್ರೀ ಹಂಗೆ ಹಾಕ್ದ ಆ ಹುಡುಗ?"

ನಾನು ಅರ್ಧ ಅಂಗಳದ ಕಥೆ ಪೂರ್ತಿ ಹೇಳಿದೆ. ಅವನು ಅಡಿಕೆ ಯಾರದೆಂದು ಕೇಳಿದ. ಹೇಳಿದೆ. ಅವರ ತಂದೆಯ ಹೆಸರು ಕೇಳಿದ. ಅದನ್ನೂ ಹೇಳಿದೆ. ಸುತ್ತ ಕೂತಿದ್ದವರು ನಕ್ಕು ನಕ್ಕು ಮುಂದಿನವರಿಗೆ ದಾಟಿಸಿದರು. ಹೊರಡುವಾಗ ಸಿದ್ದಪ್ಪ, "ಬರೋ ವಾರ ನಮ್ಮ ಜನ ಕರಕೊಂಡು ಬರ್ತೀನಿ. ಆ ಅಂಗಳ ನೋಡ್ಲೇಬೇಕು. ಆದೇಶ ಇದ್ರೆ ಅಲ್ಲೇ ಮುಹೂರ್ತ. ಇಲ್ಲಾಂದ್ರೆ ಅಡಿಕೆ ನೋಡ್ಕೊಂಡು ವಾಪಸ್," ಎಂದ.

ವಾಪಸಿನ ಬಸ್ಸಿನಲ್ಲಿ ರೆಹಮಾನ್ ಅಳುತ್ತಿದ್ದ. ಪಕ್ಕದಲ್ಲಿ ಕೂತ ಮೇಷ್ಟ್ರು, "ಎಸೆತ ಸರಿಯಾಗಿತ್ತಪ್ಪ, ಮೊಣಕೈ ಬಹಳ ಚೆನ್ನಾಗಿ ಮಡಚಿದ್ದೆ" ಎಂದು ಹೇಳುತ್ತಲೇ ಇದ್ದರು.

ಚನ್ನಗಿರಿಯಲ್ಲಿ ಇಳಿದವನೇ ನೇರ ಮಂಡಿಗೆ ಹೋದೆ. ಆ ವರ್ಷ ಅಧ್ಯಕ್ಷರಿಗೆ ಚುನಾವಣೆಗೆ ನಿಲ್ಲುವ ಮನಸ್ಸಿತ್ತು. ಅಡಿಕೆ ವ್ಯಾಪಾರಿ ಎನ್ನುವ ಹೆಸರಿನ ಮೇಲೆ ಶಿಕ್ಷಣಪ್ರೇಮಿ ಎಂಬ ಬಣ್ಣ ಬಳಿಸಿಕೊಳ್ಳುತ್ತಿದ್ದರು.

"ಏನಾತು?" ಎಂದರು.

"ಮೂರೂ ಸೋತ್ವಿ."

"ಛೇ ಛೇ. ದಮ್ಮಿಲ್ಲ ಹುಡುಗರಿಗೆ." ಮುಖದಲ್ಲಿ ದುಃಖ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ದಮ್ಮು ಐತೆ ಯಜಮಾನ್ರೇ, ನೆಲ ಇಲ್ಲ. ಅರ್ಧಕ್ಕೇ ಯಾಕೆ ನಿಲ್ತೀರಿ ಅಂತ ಹೊನ್ನಾಳಿ ಜನ ಕೇಳಿದ್ರು. ಅಡಿಕೆ ಐತೆ ಅಂದ್ರು ನಮ್ಮ ಹುಡುಗ್ರು."

"ಯಾರ ಅಡಿಕೆ ಅಂತ ಹೇಳಿದ್ರಾ?"

"ಹೊನ್ನಾಳಿಯಾಗೆ ಹೇಳ್ಲಿಲ್ಲ."

"ನ್ಯಾಮತಿಯಾಗೆ?"

"ಅಧ್ಯಕ್ಷರದು ಅಂತ ನಾನೇ ಕೂಗಿದ್ದು ಕೇಳಿಸ್ಕೊಂಡಿರಬೇಕು."

"ಜಗಳೂರಾಗೆ?"

"ಅಲ್ಲಿ ನಿಮ್ಮ ತಂದೆಯವರ ಹೆಸರೂ ಕೇಳಿ ತಿಳಕೊಂಡ್ರು. ಬರೋ ವಾರ ನೋಡಾಕೆ ಬರ್ತಾರಂತೆ, ಮಂದಿ ಕಟ್ಟಿಕೊಂಡು."

ಅಧ್ಯಕ್ಷರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಎರಡನೇ ಸಲವೂ ಅದೇ ಎಲೆಗೆ ಹಚ್ಚಿದರು. ಕೊನೆಯ ಸಲಹೆ, ಬರೆದಿಟ್ಟುಕೊಳ್ಳಿ: ಬೇಕಾದ್ದನ್ನು ಮೊದಲು ಕೇಳಬೇಡಿ. ನಾನು ಅಂಗಳಕ್ಕೆ ಹೊಸ ಸಿಮೆಂಟು ಕೇಳಿದೆ. ಏಳು ಜೊತೆ ಬೂಟು ಕೇಳಿದೆ. ಬುಟ್ಟಿಗಳಿಗೆ ದೀಪ ಕೇಳಿದೆ. ಅವರು ಒಂದೊಂದಕ್ಕೂ ಕೂಗಾಡಿದರು, ನಾನು ಒಂದೊಂದನ್ನೂ ಬಹಳ ಸಂಕಟದಿಂದ ಬಿಟ್ಟುಕೊಟ್ಟೆ. ಕೊನೆಗೆ ಉಳಿದದ್ದು ಮೇಷ್ಟ್ರ ಆದೇಶ, ಅಡಿಕೆ ಎತ್ತುವುದು. ಅಷ್ಟಕ್ಕೇ ಮುಗಿಯಿತಲ್ಲ ಎಂದು ಅವರು ನಿಟ್ಟುಸಿರಿಟ್ಟು ಸಹಿ ಹಾಕಿದರು.

ಆದೇಶ ತೆಗೆದುಕೊಂಡು ಅಂಗಳಕ್ಕೆ ಹೋದೆ. ಮೇಷ್ಟ್ರು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ನನ್ನ ಕೈ ಹಿಡಿದುಕೊಂಡು ನಿಂತರು. ಅಷ್ಟರಲ್ಲಿ ಆಳುಗಳು ಅಡಿಕೆ ಗುಡಿಸಿ ಎತ್ತುತ್ತಿದ್ದರು. ನೆಲ ಬರಿದಾದ ಮೇಲೂ ಹುಡುಗರು ಗೆರೆಯ ಈಚೆಗೇ ನಿಂತಿದ್ದರು. ರೆಹಮಾನ್ ಮೊದಲು ದಾಟಿದ. ಆಚೆ ಕಂಬದ ಕೆಳಗೆ ಹೋಗಿ ನಿಂತು, ನಮ್ಮ ಕಡೆಗೆ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಮೇಷ್ಟ್ರೇ," ಎಂದು ಅಲ್ಲಿಂದಲೇ ಕೂಗಿದ, "ಇಲ್ಲಿಂದ ನೋಡಿದ್ರೆ ನಮ್ಮ ಬುಟ್ಟಿ ಬ್ಯಾರೇನೇ ಕಾಣ್ತೈತ್ರೀ!"