ಮುರಿದವನೇ ಟಾರ್ಚ್ ಹಿಡಿಯಬೇಕು

ಭದ್ರಾವತಿಯ ಆ ಸಾಲಿನ ಲಾರಿ ಗ್ಯಾರೇಜುಗಳಲ್ಲಿ ಇಂಜಿನ್ ಬ್ಲಾಕಿನೊಳಗೆ ಬೋಲ್ಟ್ ಮುರಿದು ಕೂತರೆ ಎಲ್ಲರ ಬಾಯಲ್ಲೂ ಬರುತ್ತಿದ್ದುದು ಮುಸ್ತಕೀಮನ ಹೆಸರು. ಶಿವಮೊಗ್ಗದ ಹೊಸಮನೆಯಿಂದ ಬೆಳಗಿನ ಬಸ್ಸಿಗೆ ಬಂದು ರುದ್ರೇಶನ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಅವನು ಬೇರೆ ಕೆಲಸದಲ್ಲಿ ಅಂಥ ಚುರುಕಲ್ಲ. ಕ್ಲಚ್ ಬಿಚ್ಚಲು ಕೂತನೆಂದರೆ ಊಟದ ಹೊತ್ತು ಮೀರುತ್ತಿತ್ತು. ಮುರಿದ ಬೋಲ್ಟಿನ ಮುಂದೆ ಮಾತ್ರ, ಹಟ ಹಿಡಿದ ಕೂಸಿಗೆ ಗುಟುಕು ಗುಟುಕಾಗಿ ಗಂಜಿ ಕುಡಿಸುವ ತಾಯಿಯಂತೆ ಆಗಿಬಿಡುತ್ತಿದ್ದ.

ಉಳಿದ ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡುವುದು, ಸುತ್ತ ಗ್ಯಾಸಿನಲ್ಲಿ ಕಾಯಿಸುವುದು, ಸಂದಿಗೆ ಮೇಣದಬತ್ತಿ ತಾಗಿಸಿ, ಜಾರಲೆಂದು ಮೇಣ ಒಳಗಿಳಿಸುವುದು; ಆಮೇಲೆ ತಾನಾಗಿ ಆರಲಿ ಎಂದು ಬಿಟ್ಟು ಟೀಗೆ ಹೋಗುವುದು. "ಸಾಬ್ರು ಟೀ ಕುಡಿದ್ರೇನೇ ಬೋಲ್ಟ್‌ಗೆ ಎಚ್ಚರ ಆಗೋದು" ಎಂದು ಎಲ್ಲರೂ ನಗುತ್ತಿದ್ದರು.

ಗ್ಯಾರೇಜಿನದೇ ಒಂದು ಕಟ್ಟಳೆಯಿತ್ತು. ಬೋಲ್ಟ್ ಮುರಿದವನೇ, ಅದು ಹೊರಗೆ ಬರುವ ತನಕ ಟಾರ್ಚ್ ಹಿಡಿದು ನಿಲ್ಲಬೇಕು. ಅದೇ ಅವನಿಗೆ ಶಿಕ್ಷೆ.

ಆ ದಿನ ಮುರಿದವನು ಗುರು. ರುದ್ರೇಶನ ಭಾಮೈದ, ಎರಡು ಮಕ್ಕಳ ತಂದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗಿದ್ದ, ಹೆಡ್ ಬೋಲ್ಟ್ ಕಟ್ಟೆಂದಿತ್ತು. ಬೆಳಿಗ್ಗೆಯಷ್ಟೇ ರುದ್ರೇಶ ಮುಸ್ತಕೀಮನಿಗೆ, "ಗುರು ಎಲ್ಲಾ ನೋಡ್ಕೋತಾನೆ ಸಾಬ್ರೇ. ನಿಮ್ಮನ್ನ ಇಟ್ಕೊಂಡಿರೋದು ಬೋಲ್ಟ್ ಕೆಲಸ ಒಂದಕ್ಕೇ" ಎಂದಿದ್ದ. ಮನೆಯಲ್ಲಿ ಮಗಳು ರುಬೀನಾ ಬಾಣಂತಿ. ಮುರಿದ ಬೋಲ್ಟು ಕಂಡಾಗ ಮುಸ್ತಕೀಮನಿಗೆ ಒಳಗೊಳಗೇ ಖುಷಿಯಾದದ್ದು ಸುಳ್ಳಲ್ಲ. ಆ ಖುಷಿಯಲ್ಲೇ ನಾಲಿಗೆ ಸಡಿಲಬಿಟ್ಟ.

"ಲೋ ಗುರು, ಟಾರ್ಚ್ ನೆಟ್ಟಗೆ ಹಿಡಿಯೋ. ಏನೋ ಹೆಣ್ಣು ನೋಡಕ್ಕೆ ಬಂದೋರ ಮುಂದೆ ಕೂತಂಗೆ ತಲೆ ಬಗ್ಗಿಸ್ತೀಯಲ್ಲ ಮಾರಾಯ!"

ಎಲ್ಲರೂ ಗೊಳ್ಳೆಂದರು. ಗುರುವಿನ ಕಿವಿ ಕೆಂಪಾಯಿತು.

ನಟ್ ಕೂತಿತು, ಮೇಣ ಇಳಿಯಿತು, ಮುಸ್ತಕೀಮ ಟೀಗೆ ಹೋದ. ಗುರು ಟಾರ್ಚ್ ಹಿಡಿದು ನಿಂತೇ ಇದ್ದ. ಲಾರಿ ಕ್ಲೀನರ್ ಒಬ್ಬ ಹಾದುಹೋಗುತ್ತಾ ಅವನನ್ನು ನೋಡಿ ಹಲ್ಲು ಕಿರಿದ. ಅಷ್ಟೇ ಸಾಕಾಯಿತು. ಬೇಗ ಆರಲೆಂದು ಗುರು ಪಕ್ಕದ ನೀರಿನ ಬಕೆಟ್ಟೆತ್ತಿ ಕಾದ ಬ್ಲಾಕಿನ ಮೇಲೆ ಸುರಿದುಬಿಟ್ಟ.

ಬೀಡು ಕಬ್ಬಿಣ, ಕಾದಾಗ ತಣ್ಣೀರು ತಾಳದು. ಟಿಣ್ ಎಂದ ಸದ್ದು ಟೀ ಅಂಗಡಿಗೂ ಕೇಳಿಸಿತು. ಮುಸ್ತಕೀಮ ಓಡಿಬಂದಾಗ ಬ್ಲಾಕಿನ ಮೈಮೇಲೆ ಉದ್ದಕ್ಕೆ ಕೂದಲೆಳೆಯ ಬಿರುಕು.

"ಚಾಚಾನೇ ನೀರು ಹಾಕು ಅಂದ್ರು" ಎಂದ ಗುರು.

ಮುಸ್ತಕೀಮ ರುದ್ರೇಶನ ಮುಖ ನೋಡಿದ. "ನಾನು ಯಾವತ್ತಾದ್ರೂ ನೀರು ಹಾಕ್ಸಿದೀನಾ ಹೇಳಿ."

"ಹಾಕ್ಸಿಲ್ಲ, ನಂಗೂ ಗೊತ್ತು" ಎಂದ ರುದ್ರೇಶ, ಸಮಾಧಾನವಾಗಿ. "ಆದ್ರೆ ಲಾರಿ ಓನರ್‌ಗೆ ಯಾರ್ದಾದ್ರೂ ಹೆಸರು ಹೇಳ್ಬೇಕಲ್ಲ. ಹೆಂಡ್ತಿ ತಮ್ಮನ ಹೆಸರು ಹೇಳ್ಲಾ?"

ಅಲ್ಲಿದ್ದವರೆಲ್ಲ ತಂತಮ್ಮ ಕೆಲಸದ ಕಡೆ ತಿರುಗಿಕೊಂಡರು. ನಗಲು ಮಾತ್ರ ಒಂದಾಗಿದ್ದವರು.

"ಶುರು ಮಾಡಿದ್ದು ಮುಗಿಸಿಬಿಡಿ ಸಾಬ್ರೇ. ಬೋಲ್ಟ್ ತೆಗೀರಿ" ಎಂದ ರುದ್ರೇಶ.

"ಒಡೆದ ಬ್ಲಾಕಿಂದ ತೆಗೆದು ಏನ್ಮಾಡ್ತೀರಿ?"

"ತೆಗೀರಿ ಅಂದ್ನಲ್ಲ. ಗುರು, ಹತ್ರ ಬಾ, ಸರಿಯಾಗಿ ನೋಡು."

ಮುಸ್ತಕೀಮ ಕೂತ. ಕೈ ಬೇಡವೆನ್ನಲಿಲ್ಲ. ನಟ್ಟಿಗೆ ಸ್ಪ್ಯಾನರ್ ಕೊಟ್ಟು ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಆಡಿಸಿದ. ಬಿಗಿದಾಗ ನಿಲ್ಲಿಸಿ ಇನ್ನಷ್ಟು ಮೇಣ ತಾಗಿಸಿದ. ಗುರುವಿನ ಉಸಿರು ಅವನ ಕೆನ್ನೆಗೇ ತಾಕುತ್ತಿತ್ತು. ಬೋಲ್ಟು ಮೆಲ್ಲಗೆ, ಇಡಿಯಾಗಿ ಎದ್ದು ಬಂತು.

"ಗೊತ್ತಾಯ್ತೇನೋ?" ಎಂದ ರುದ್ರೇಶ.

"ಗೊತ್ತಾಯ್ತು ಭಾವ. ಇಷ್ಟೇನಾ!"

"ಹಂಗಾದ್ರೆ ಸಾಬ್ರೇ, ನಾಳೆಯಿಂದ ನೀವು ಬರೋದು ಬೇಡ."

ಮುಸ್ತಕೀಮ ಏಳಲಿಲ್ಲ. ಬಟ್ಟೆಯ ತುದಿಯನ್ನು ತೂತಿನೊಳಗಿನ ಸುರುಳಿ ಗೆರೆಗಳಲ್ಲಿ ತಿರುಗಿಸಿ ಒರೆಸಿದ, ಬಗ್ಗಿ ನೋಡಿದ. "ಥ್ರೆಡ್ ಒಂದೂ ಕೆಟ್ಟಿಲ್ಲ" ಎಂದ. ಅದನ್ನು ಅವನಲ್ಲಿ ಯಾರೂ ವಿಚಾರಿಸಿರಲಿಲ್ಲ.