ಕರಡಿನಲ್ಲಿ ಹೊಡೆದುಹಾಕಿದ ಹೆಸರು

ನನ್ನ ಗೆಳೆಯ ಪುಸ್ತಕ ತರುತ್ತೇನೆ ಎಂದಾಗ ನನಗೆ ನಗು ಬಂದಿತ್ತು. ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಗಣಿತ ಹೇಳಿಕೊಡುವ ಅವನು ಇಪ್ಪತ್ತು ವರ್ಷಗಳಿಂದ ಕಥೆ ಬರೆದು ಮೊದಲು ನನ್ನ ಕೈಗೇ ಕೊಡುತ್ತಿದ್ದ. ನಾನು ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದೆ. ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು. ಊರಿನ ಮೂರು ನಾಲ್ಕು ಪ್ರೆಸ್‌ಗಳ ಕೆಲಸ ಕೃಷ್ಣಮೂರ್ತಿಪುರಂನ ನಮ್ಮ ಮನೆಗೇ ಬರುತ್ತದೆ. ಸಾಲದ್ದಕ್ಕೆ ನಾನೂ ಕಥೆಗಾರ; ಬೆಂಗಳೂರಿನ ಪ್ರಕಾಶಕರೊಬ್ಬರು ತಂದ ಸಂಕಲನ ಒಂದಿದೆ. ಹಾಗಾಗಿ ಅವನು ನನ್ನನ್ನು ‘ಗುರುವೇ’ ಎಂದು ಕರೆಯುತ್ತಿದ್ದ, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ನಾನು ಪೂರ್ತಿ ನಿಜವೆಂದೇ ತೆಗೆದುಕೊಂಡಿದ್ದೆ.

“ಪ್ರಕಾಶಕರು ಯಾರು?” ಎಂದೆ.

“ಯಾರೂ ಇಲ್ಲ ಕಣೋ. ಓದೋರೇ ಮುಂಚಿತವಾಗಿ ದುಡ್ಡು ಹಾಕ್ತಾರೆ. ಕ್ರೌಡ್‌ಫಂಡಿಂಗು. ಹಾಕಿದೋರ ಹೆಸರೆಲ್ಲ ಪುಸ್ತಕದ ಕೊನೇಲಿ ಅಚ್ಚಾಗತ್ತೆ.”

“ಓಹೋ, ಮದುವೆಗೆ ಮುಂಚೇನೇ ಮುಯ್ಯಿ.”

ಅವನಿಗೆ ಬೇಸರವಾಗಲಿಲ್ಲ. “ಹಂಗೇ ಅಂದ್ಕೋ. ಊಟ ಚೆನ್ನಾಗಿ ಹಾಕುದ್ರಾಯ್ತು, ಬುಡು” ಎಂದ.

ಅವನ ಊಟದ ಏರ್ಪಾಟು ಹೀಗಿತ್ತು. ವಾಟ್ಸಾಪ್‌ನಲ್ಲಿ ಒಂದು ಗುಂಪು ಮಾಡಿದ. ಶುಕ್ರವಾರ ಒಂದು ಕಥೆಯನ್ನು ಅರ್ಧದವರೆಗೆ ಮಾತ್ರ ತನ್ನ ದನಿಯಲ್ಲೇ ಓದಿ ಅದರಲ್ಲಿ ಹಾಕುತ್ತಿದ್ದ. ಉಳಿದರ್ಧ ಬೇಕಾದವರು ಭಾನುವಾರ ಯಾರದಾದರೂ ಮನೆಯ ಜಗಲಿಗೆ ಬರಬೇಕು. ಅಲ್ಲಿ ಅವನು ಓದುತ್ತಾನೆ, ಬಂದವರು ಜಗಳವಾಡುತ್ತಾರೆ, ಮನೆಯವರು ಕಾಫಿ ಕೊಡುತ್ತಾರೆ. ಇದು ಮೂರು ವಾರ ನಡೆದರೆ ಹೆಚ್ಚು ಎಂದುಕೊಂಡಿದ್ದೆ. ತಿಂಗಳುಗಟ್ಟಲೆ ನಡೆಯಿತು.

ಒಂದೇ ಒಂದು ಸಲ ಹೋಗಿದ್ದೆ. ಅವತ್ತಿನ ಜಗಲಿ ಉದಯಗಿರಿಯಲ್ಲಿ, ಅವನ ಸ್ಕೂಟರು ರಿಪೇರಿ ಮಾಡುವ ಮೆಕ್ಯಾನಿಕ್‌ನ ಗ್ಯಾರೇಜು. ಟೈರುಗಳ ಮೇಲೆ, ಸ್ಟೂಲಿನ ಮೇಲೆ, ಎಲ್ಲೆಂದರಲ್ಲಿ ಜನ. ಕಥೆಯ ಕೊನೆಯಲ್ಲಿ ನಾಯಕ ಕೆಟ್ಟು ನಿಂತ ಬೈಕನ್ನು ಒಂದೇ ಒದೆಗೆ ಸ್ಟಾರ್ಟ್ ಮಾಡಿಕೊಂಡು ಹೊರಟುಹೋಗುತ್ತಾನೆ. ಮೆಕ್ಯಾನಿಕ್ ಎದ್ದು ನಿಂತ. “ಅದೆಂಗಾಯ್ತದೆ ಸಾರ್? ಮೂರು ತಿಂಗ್ಳು ನಿಂತಿರೋ ಗಾಡಿ, ಕಾರ್ಬೊರೇಟರ್ ಬಿಚ್ದೆ ಸ್ಟಾರ್ಟ್ ಆಗ್ಬುಡ್ತದಾ? ಅವ್ನು ತಳ್ಕೊಂಡೇ ಓಗ್ಬೇಕು.” ಗೆಳೆಯ ಅಲ್ಲೇ ಪೆನ್ನು ತೆಗೆದು ಕೊನೆಯನ್ನು ತಿದ್ದಿದ. ನಾಯಕ ಬೈಕು ತಳ್ಳಿಕೊಂಡು ಹೋದ. ಕಥೆ ನಿಜಕ್ಕೂ ಮೇಲಾಯಿತು.

ಅದೇ ಕೊನೆ ಸರಿಯಿಲ್ಲ ಎಂದು ನಾನು ಎರಡು ವರ್ಷದ ಹಿಂದೆಯೇ ಹೇಳಿದ್ದೆ. ಆಗ ಅವನು ಕೇಳಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಅವತ್ತು ಹತ್ತಿದ ಕಿಚ್ಚು ಆಮೇಲೆ ಆರಲೇ ಇಲ್ಲ. ನನ್ನ ಸಂಕಲನ ಬಂದು ಹತ್ತು ವರ್ಷವಾಗಿತ್ತು. ಗ್ರಂಥಾಲಯಗಳಿಗೆ ಹೋಯಿತು ಎಂದು ಪ್ರಕಾಶಕರು ಹೇಳಿದರು, ಹೋಗಿರಬೇಕು. ಅದರ ಕಥೆಯೊಂದರ ಮೇಲೆ ನನ್ನೊಡನೆ ಜಗಳಕ್ಕೆ ಬಂದ ಒಂದೇ ಒಂದು ನರಪಿಳ್ಳೆಯನ್ನು ನಾನು ಕಂಡಿಲ್ಲ. ನನ್ನ ಹೆಂಡತಿ ನಲವತ್ತನೆಯ ಪುಟದಲ್ಲಿ ಬಸ್ ಟಿಕೆಟ್ ಇಟ್ಟು ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಅವಳಿಗೆ ಓದುವ ಅಭ್ಯಾಸವಿಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ. ನಾನು ತಿದ್ದಿ ಮುಗಿಸಿದ ಕರಡು ಹಾಳೆಗಳಿಂದ ಅವಳಿಗೆ ಇದ್ದ ಉಪಯೋಗ ಒಂದೇ, ಅಡುಗೆಮನೆಯ ಶೆಲ್ಫುಗಳಿಗೆ ಹಾಸುವುದು.

ಆ ಭಾನುವಾರದ ನಂತರ ನನಗೆ ಕೆಲಸ ಜಾಸ್ತಿ ಎಂದು ಹೇಳಿ ತಪ್ಪಿಸಿಕೊಂಡೆ. ಹೆಂಡತಿಯೂ ಭಾನುವಾರ ಮನೆಯಲ್ಲಿರುತ್ತಿರಲಿಲ್ಲ, ಸರಸ್ವತಿಪುರಂನಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದಳು. ಗಲಾಟೆಯಿಲ್ಲದೆ ಕೂತು ಹೊಟ್ಟೆ ಉರಿದುಕೊಳ್ಳಲು ನನಗೂ ಅನುಕೂಲವೇ ಆಯಿತು.

ಪುಸ್ತಕದ ಕರಡು ಬಂತು. ಕಥೆಗಳನ್ನು ಪ್ರಾಮಾಣಿಕವಾಗಿ ತಿದ್ದಿದೆ, ಅದರಲ್ಲಿ ಮೋಸ ಮಾಡಲಿಲ್ಲ. ಕೊನೆಯ ನಾಲ್ಕು ಪುಟ ಬರೀ ಹೆಸರುಗಳು. ಹೂ ಮಾರುವವರು, ಡೆಂಟಿಸ್ಟು, ಅವನ ಹಳೇ ವಿದ್ಯಾರ್ಥಿಗಳು, ಮೆಕ್ಯಾನಿಕ್. ಮೂರನೆಯ ಪುಟದ ನಡುವೆ ನನ್ನ ಹೆಂಡತಿಯ ಹೆಸರು. ಬೇರೆ ಯಾರೋ ಇರಬಹುದು ಎನ್ನಲು ದಾರಿಯಿರಲಿಲ್ಲ. ಅವಳು ಸಹಿ ಹಾಕುವ ಹಾಗೆಯೇ ತವರೂರನ್ನು ಮುಂದಿಟ್ಟುಕೊಂಡ ಹೆಸರು, ಪಕ್ಕದಲ್ಲಿ ಕೃಷ್ಣಮೂರ್ತಿಪುರಂ. ತಂಗಿಯ ಮನೆಯ ಭಾನುವಾರಗಳು ಆಗ ಅರ್ಥವಾದವು.

ಅವಳು ಓದುತ್ತಿದ್ದಳು. ನನ್ನನ್ನಲ್ಲ, ಅವನನ್ನು.

ಕೆಂಪು ಪೆನ್ನು ಕೈಯಲ್ಲೇ ಇತ್ತು. ಆ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ, ಅಂಚಿನಲ್ಲಿ ‘ತೆಗೆಯಿರಿ’ ಎಂಬ ಗುರುತು ಹಾಕಿದೆ. ಹಾಳೆಗಳ ಫೋಟೋ ತೆಗೆದು ನೇರ ಪ್ರೆಸ್‌ಗೆ ಕಳಿಸಿದೆ. ಕೊನೆಯ ಕರಡನ್ನು ತಾನೂ ನೋಡಬೇಕು ಎಂದು ಗೆಳೆಯನಿಗೆ ಅನ್ನಿಸಿಯೇ ಇರಲಿಲ್ಲ, ನೋಡಲು ನಾನಿದ್ದೆನಲ್ಲ. ನಾಚಿಕೆಯಾಗಲಿಲ್ಲ. ಹಾಯೆನಿಸಿತು ಎಂದೇ ಹೇಳಬೇಕು.

ಬಿಡುಗಡೆ ಅದೇ ಗ್ಯಾರೇಜಿನಲ್ಲಿ. ಹೆಂಡತಿ “ನಾನೂ ಬರ್ತೀನಿ” ಎಂದು ರೇಷ್ಮೆ ಸೀರೆ ಉಟ್ಟಳು. ಪುಸ್ತಕ ಕೈಗೆ ಬಂದದ್ದೇ ಎಲ್ಲರೂ ಹಿಂದಿನಿಂದ ತೆರೆದರು. ಜನ ತಮ್ಮ ಹೆಸರನ್ನು ಪಕ್ಕದವರಿಗೆ ತೋರಿಸುತ್ತಿದ್ದರು. ಅವಳ ಬೆರಳು ಪಟ್ಟಿಯುದ್ದಕ್ಕೂ ಇಳಿಯಿತು, ಪುಟ ತಿರುವಿತು, ಮತ್ತೆ ಮೇಲಿನಿಂದ ಇಳಿಯಿತು. ನಾನು ಒಂದು ಟೈರನ್ನು ನೋಡುತ್ತ ನಿಂತಿದ್ದೆ.

ಗೆಳೆಯನೇ ಗಮನಿಸಿ ಬಂದ. ಪುಟ ನೋಡಿ ಅವನ ಮುಖ ಇಳಿಯಿತು. “ಅಯ್ಯೋ, ಹೆಂಗೆ ಬಿಟ್ಟೋಯ್ತು ಇದು! ತಪ್ಪು ನಂದೇ ಕಣಮ್ಮ, ಪಟ್ಟಿ ಕೊಡೋವಾಗ ನಾನೇ ಎಡವಟ್ಟು ಮಾಡಿರ್ತೀನಿ.”

“ಪರವಾಗಿಲ್ಲ ಬಿಡಿ” ಎಂದಳು. ದನಿ ಸಣ್ಣಗಿತ್ತು.

ಅವನು ಬಿಡಲಿಲ್ಲ. ಮುನ್ನೂರು ಪ್ರತಿಯನ್ನೂ ಬೆಂಚಿಗೆ ತರಿಸಿ, ಒಂದೊಂದರಲ್ಲೂ ಆ ಪುಟದ ಕೆಳಗೆ ಕೈಯಾರೆ ಅವಳ ಹೆಸರು ಬರೆಯತೊಡಗಿದ. ಮೆಕ್ಯಾನಿಕ್ ಕೈ ತೊಳೆದುಕೊಂಡು ಬಂದು ಪುಟ ತೆರೆದು ಕೊಡುತ್ತಿದ್ದ. ಮೊದಲ ಪ್ರತಿಯನ್ನು ಗೆಳೆಯ ನನ್ನ ಮುಂದೆ ಹಿಡಿದ. “ಸರಿ ಇದ್ಯಾ ನೋಡು ಗುರುವೇ. ನಿನ್ನ ಕಣ್ಣಿಗೆ ಬೀಳ್ದೆ ಯಾವ್ದೂ ಹೋಗಲ್ಲ.”

“ಸರಿ ಇದೆ” ಎಂದೆ.

ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಅವಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ಕೈಯಲ್ಲಿ ಬರೆದಿರೋದೂ ಚೆನ್ನಾಗೇ ಇದೆ ಅಲ್ವಾ?” ಎಂದಳು. ನಾನು ಹೂಂಗುಟ್ಟಿದೆ.

ಗೌರಿ ಹಬ್ಬಕ್ಕೆ ಅವಳು ಅಡುಗೆಮನೆ ತೊಳೆದಳು. ಮರುದಿನ ಬೆಳಿಗ್ಗೆ ಎಂದಿನಂತೆ ಕಾಫಿ ಬೆರೆಸಲು ಹೋದೆ. ಕಾಫಿಪುಡಿ ಡಬ್ಬ ಎತ್ತಿದರೆ ಕೆಳಗೆ ಹೆಸರುಗಳ ಪಟ್ಟಿ, ನಡುವೆ ನನ್ನ ಕೆಂಪು ಗೆರೆ. ಕರಡುಗಳ ಕಟ್ಟು ನನ್ನ ಮೇಜಿನ ಕೆಳಗೇ ಇತ್ತು. ಅದನ್ನು ಹರಿದೆಸೆಯಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಬೇರೆ ಶೆಲ್ಫುಗಳಿಗೆಲ್ಲ ಹಾಳೆ ಬೋರಲು ಹಾಸಿದ್ದಳು. ಇದೊಂದನ್ನು ಮಾತ್ರ ಅಂಗಾತ.

ಅವಳು ಬಾಗಿಲ ಬಳಿ ನಿಂತಿದ್ದಳು. ನನ್ನ ಕೈ ಹಾಳೆಯ ಅಂಚಿಗೆ ಹೋಯಿತು.

“ತೆಗೀಬೇಡಿ, ಇರ್ಲಿ” ಎಂದಳು. “ಅಚ್ಚಲ್ಲಿ ನನ್ನ ಹೆಸರಿರೋದು ಅದೊಂದರಲ್ಲೇ.”