ಇಪ್ಪತ್ತೈದನೆಯ ಹುಡುಗಿ

ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಸಾವಿರದ ನಾನೂರು ಮಕ್ಕಳಿದ್ದಾರೆ. ಮಧುಗಿರಿ ಸುತ್ತಮುತ್ತ ನಾಟಕ ಕಲಿಸುವ ಪ್ರತ್ಯೇಕ ವಿಭಾಗ ಇರುವುದು ಇಲ್ಲಿ ಮಾತ್ರ. ಆ ವಿಭಾಗದ ಕಂಪ್ಯೂಟರ್ ಆಪರೇಟರ್ ನಾನು. ಮೂರು ತಿಂಗಳ ಮಟ್ಟಿಗೆಂದು ಹೊರಗುತ್ತಿಗೆಯಲ್ಲಿ ಸೇರಿದೆ, ನಾಲ್ಕು ವರ್ಷವಾಯಿತು. ಹೆಣ್ಣಿನ ಕಡೆಯವರ ಮುಂದೆ ಅಮ್ಮ ನನ್ನನ್ನು ‘ಮೇಷ್ಟ್ರು’ ಅನ್ನುತ್ತಾಳೆ. ನಾನು ತಿದ್ದುವುದಿಲ್ಲ.

ನಿಜವಾದ ಮೇಷ್ಟ್ರೆಂದರೆ ಲಕ್ಷ್ಮೀದೇವಿ ಮೇಡಂ ಒಬ್ಬರೇ. ಒಂಬತ್ತು ವರ್ಷದಿಂದ ಇಲ್ಲಿ ಬಾಡಿಗೆ ಕೋಣೆಯಲ್ಲಿದ್ದಾರೆ. ಗಂಡ, ಮಗಳು, ಅತ್ತೆ ಎಲ್ಲ ಪಾವಗಡದಲ್ಲಿ. ಅಜ್ಜಿಯ ಕೈಯಲ್ಲಿ ಬೆಳೆಯುತ್ತಿರುವ ಮಗಳಿಗೆ ತೆಲುಗೇ ಹೆಚ್ಚು. ಮಧ್ಯಾಹ್ನ ಫೋನಿನಲ್ಲಿ ಅವಳು “ಎಪ್ಪುಡು ವಸ್ತಾವಮ್ಮಾ?” ಎಂದು, ಯಾವಾಗ ಬರುತ್ತೀಯೆಂದು ಕೇಳಿದರೆ, ಮೇಡಂ “ಶನಿವಾರ ಬತ್ತೀನಿ” ಅನ್ನುತ್ತಾರೆ. ಪಾವಗಡಕ್ಕೆ ವರ್ಗವಾಗಿ ವರ್ಷ ಕಳೆಯಿತು. ಆದರೆ ಅವರ ಜಾಗಕ್ಕೆ ಇನ್ನೊಬ್ಬರು ಬರುವ ತನಕ ಬಿಡುಗಡೆಯಿಲ್ಲ. ನಾಟಕದ ಮೇಷ್ಟ್ರು ಎಲ್ಲಿಂದ ಬರಬೇಕು?

ಈ ಜೂನಿನಲ್ಲಿ ಒಂದು ದಾರಿ ಕಂಡಿತು. ಎಂಟನೇ ತರಗತಿಗೆ ಇಪ್ಪತ್ತೈದು ಮಕ್ಕಳು ಆಯ್ಕೆಯಾಗದಿದ್ದರೆ ವಿಭಾಗ ಮುಚ್ಚಿ, ಮೇಡಂ ಅವರನ್ನು ಕೂಡಲೇ ಪಾವಗಡಕ್ಕೆ ಬಿಡಬೇಕೆಂದು ಆದೇಶ ಬಂತು. ಮುಚ್ಚಿದರೆ ನನ್ನ ಕೆಲಸವೂ ಹೋಗುತ್ತದೆ. ಅವರು ಊರು ಸೇರಲಿ ಎಂದು ಬಾಯಲ್ಲಿ ಹಾರೈಸುತ್ತಾ, ಮನಸ್ಸಿನಲ್ಲಿ ಮಕ್ಕಳ ತಲೆ ಎಣಿಸುತ್ತಿದ್ದ ಮಹಾನುಭಾವ ನಾನು.

ಆಯ್ಕೆ ಪರೀಕ್ಷೆಯ ಕೊನೆಯ ದಿನ ಸಂಜೆ ನಾಲ್ಕಕ್ಕೆ ಎಣಿಕೆ ಇಪ್ಪತ್ತನಾಲ್ಕು. ರಿಜಿಸ್ಟರ್ ಮುಚ್ಚುವಷ್ಟರಲ್ಲಿ ಐ.ಡಿ.ಹಳ್ಳಿಯ ಮಧುಶ್ರೀ ಎಂಬ ಹುಡುಗಿ, ಒಂದು ಕಾಲೆಳೆಯುತ್ತಿದ್ದ ಅಜ್ಜಿ ಚಿಕ್ಕಹನುಮಕ್ಕನ ಜೊತೆ ಬಂದಳು.

“ಏನಾದ್ರೂ ಮಾಡಿ ತೋರ್ಸಮ್ಮ,” ಎಂದರು ಮೇಡಂ.

ಹುಡುಗಿ ನೆಲ ನೋಡುತ್ತಾ ನಿಂತಳು.

“ಹೋಗ್ಲಿ ಬುಡಜ್ಜಿ, ಮಗೀಗೆ ಭಯ,” ಎಂದರು ಮೇಡಂ.

“ಭಯಾನಾ? ಇವ್ಳಿಗಾ?” ಎಂದಳು ಅಜ್ಜಿ. “ಲೇ, ದಿನಾ ನನ್ನ ಅಣಕಿಸ್ತೀಯಲ್ಲ, ಅಂಗೇ ಮಾಡೇ. ನಾನೇನೂ ಅಂದ್ಕಳಲ್ಲ.”

ಹುಡುಗಿ ಸೊಂಟಕ್ಕೆ ಕೈಯಿಟ್ಟು ಬಗ್ಗಿದಳು. ಕಾಲೆಳೆಯುತ್ತಾ ಬಸ್ಸಿನ ಹಿಂದೆ ಓಡತೊಡಗಿದಳು. “ಲೇ ಕಂಡಕ್ಟ್ರು, ನಿಲ್ಸ್ಲಾ! ನಾನೇನು ಪುಕ್ಸಟ್ಟೆ ಬತ್ತೀನೇನ್ಲಾ?” ಎಂದು ಕೂಗಿ, ಗಕ್ಕನೆ ನಿಂತು, ದನಿ ಇಳಿಸಿದಳು. “ಪುಕ್ಸಟ್ಟೇನೇ ಕಣಪ್ಪ. ಆದ್ರೂ ನಿಲ್ಸು.”

ಮೇಡಂ ನಕ್ಕುಬಿಟ್ಟರು. ಬಾಯಿಗೆ ಸೆರಗು ಒತ್ತಿದರೂ ನಗು ನಿಲ್ಲಲಿಲ್ಲ. ಅಜ್ಜಿಯೂ ನಕ್ಕಳು. ನಾನೂ ನಕ್ಕೆ, ನನ್ನ ಲೆಕ್ಕ ಬೇರೆ ಇತ್ತು.

ಆಮೇಲೆ ಮೇಡಂ ಪೆನ್ನು ಹಿಡಿದು ಬಹಳ ಹೊತ್ತು ಕೂತರು. ನಾನು ಬಗ್ಗಿ ಮೆಲ್ಲಗೆ, “ಟೈಮ್ ಆಗಿತ್ತು ಅಂತ ವಾಪಸ್ ಕಳ್ಸಿದ್ರೆ ಯಾರೂ ಕೇಳಲ್ಲ ಮೇಡಂ,” ಎಂದೆ. ಒಳ್ಳೆಯವನೆನಿಸಿಕೊಳ್ಳುವ ಚಪಲ. ಎಲ್ಲಿ ಒಪ್ಪಿಬಿಡುತ್ತಾರೋ ಎಂದು ರಿಜಿಸ್ಟರನ್ನು ಅವರ ಮುಂದಕ್ಕೇ ಸರಿಸಿದೆ.

“ಸುಮ್ಕಿರೋ ಅಂಜನ್. ನೋಡ್ಬುಟ್ನಲ್ಲೋ.”

ಐವತ್ತಕ್ಕೆ ನಲವತ್ತಾರು ಬರೆದು ಸಹಿ ಹಾಕಿದರು. ಕಣ್ಣೊರೆಸಿಕೊಂಡು ಹುಡುಗಿಯ ಕಡೆ ತಿರುಗಿದರು.

“ನಿಮ್ಮಜ್ಜಿ ಎಳೆಯೋದು ಎಡಗಾಲು. ನೀನು ಬಲಗಾಲು ಎಳ್ದೆ. ಸೋಮವಾರ ಬಾ. ಇನ್ನೂ ಮೂರು ವರ್ಷ ಐತಲ್ಲ, ತಿದ್ದಾಣ.”